ಹಾಲು ಬಾರದ ಕವಲು

ಮೇ 24, ಶನಿವಾರ
ಸಂಜೆ 6.40. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗಿ ಬಂದೆ. ಈ ವಾರದ ಎಲೆ ಚೆನ್ನಾಗಿಲ್ಲ, ಸುತ್ತುವಾಗಲೇ ಹರಿಯುತ್ತದೆ. ಮಧ್ಯಾಹ್ನ ಬಂಗುಡೆ ಸಾರು. ಮಗಳು ಅಕ್ಷಿತಾ ಬಿಜೈಯ ಬಟ್ಟೆ ಅಂಗಡಿಯ ಕೆಲಸದಿಂದ ಇನ್ನೂ ಬಂದಿಲ್ಲ.

ಇವರು ಜಗಲಿಯಲ್ಲಿ ಕೂತು ಎಡಗೈಯಲ್ಲೇ ಕತ್ತಿ ಮಸೆದರು. ಫುಟ್‌ಬೋರ್ಡಿನಿಂದ ಬಿದ್ದು ಬಲಗೈ ಮಣಿಗಂಟು ಮುರಿದು, ಬಸ್ ಕಂಡಕ್ಟರ್ ಕೆಲಸ ಬಿಟ್ಟು ನಾಲ್ಕು ವರ್ಷ ದಾಟಿತು. ಆದರೂ ಗೇಟಿನ ಮುಂದೆ ಯಾರು ಹೋದರೂ “ರೈಟ್, ಪೋಯಿ” ಅಂತ ಬಸ್ಸು ಹೊರಡಿಸುವುದು ಬಿಟ್ಟಿಲ್ಲ. ಆಚೆ ಮನೆಯ ಝುಬೈದಾ ಇವತ್ತು ನಿಂತು ಹೇಳಿದಳು – “ತುಕ್ರಣ್ಣ, ಸೀಟು ಉಂಟಾ, ಇಲ್ಲ ನೇತಾಡಿಕೊಂಡೇ ಹೋಗ್ಬೇಕಾ?”

ಆಮೇಲೆ ಇವರು ಮರ ನೋಡಿದರು.
“ಹೇಮಾ, ಪಾಲೆ ಮರದ ಗೇಟು ಬದಿಯ ಕವಲು ಹಳದಿ ಆಗ್ತಾ ಉಂಟು. ಜೆರೋಮನಿಗೆ ಹೇಳುವನಾ?”
“ಎಂತದೂ ಬೇಡ. ಮಳೆ ಬಂದರೆ ಸರಿ ಆಗ್ತದೆ” ಅಂದೆ.
ಅವರು ಕತ್ತಿ ಒರಸಿ ಒಳಗಿಟ್ಟರು.

ಮೇ 26
ಗೇಟು ಬಡೀತಾ ಉಂಟು ಅಂದೆ. ಅಷ್ಟೇ ಅಂದದ್ದು.

ಮೇ 29, ಗುರುವಾರ
ಬೆಳಿಗ್ಗೆ 9. ಬರೆದರೆ ನಡೆದದ್ದು ಹೌದೋ ಅಲ್ಲವೋ ಗೊತ್ತಾದೀತು.

ಸೋಮವಾರ ಸಂಜೆ ನಾಲ್ಕಕ್ಕೆ ಗಾಳಿ ಎದ್ದಿತು. ಮಳೆಗಿಂತ ಮೊದಲು ಬರೀ ಗಾಳಿ. ಕಬ್ಬಿಣದ ಗೇಟು ಕೊಂಡಿ ಕಳಚಿ ಬಡಿಯತೊಡಗಿತು. ನನ್ನ ಮಡಿಲಲ್ಲಿ ಬೀಡಿಯ ಮೊರ. ಏಳಲು ಬೇಸರ. ಗೇಟು ಬಡೀತಾ ಉಂಟು ಅಂದೆ. ಇವರು ಲುಂಗಿ ಎತ್ತಿ ಕಟ್ಟಿ ಹೋದರು. ಕೊಂಡಿ ಹಾಕಿದರು. ನನ್ನ ಕಡೆ ತಿರುಗಿ ಏನೋ ಹೇಳಿದರು… ಬಾಯಿ ಆಡಿದ್ದು ಕಂಡಿತು. ಕೇಳಲಿಲ್ಲ.

ಆಮೇಲೆ ಅಲ್ಲಿ ಎಲೆ ಮಾತ್ರ ಇತ್ತು.

ಝುಬೈದಾ ಕಂಪೌಂಡು ಹಾರಿ ಬಂದಳು. ಐವತ್ತು ದಾಟಿದವಳು, ಹೇಗೆ ಹಾರಿದಳೋ. ಗಂಡಸರು ಸೇರಿ ಇವರ ಮೇಲೆ ಬಿದ್ದ ಕವಲನ್ನು ಎಳೆಯಲು ನೋಡಿದರು. ಅಷ್ಟರಲ್ಲಿ ಬಾಲಯೇಸುವಿನ ಮಂದಿರದ ಹಿಂದಿನ ಜೆರೋಮ್ ಗರಗಸದ ಮೆಷಿನ್ ಹಿಡಿದು ಓಡಿ ಬಂದ. ಮಳೆಗಾಲದಲ್ಲಿ ಮರ ಬಿದ್ದಲ್ಲೆಲ್ಲ ಅವನೇ ಹೋಗುವುದು.
“ಯಾರೂ ಎಳೀಬೇಡಿ. ಎಳೆದರೆ ಇನ್ನೂ ಒತ್ತಿ ಕೂರ್ತದೆ. ಲೈನಿನ ಕರೆಂಟ್ ತೆಗೆದಿದ್ದಾರಾ, ಅದು ಹೇಳಿ ಮೊದಲು.”
ತುದಿಯಿಂದ ಸುರು ಮಾಡಿದ. ಅಡಿಯಿಂದ ಸ್ವಲ್ಪ ಕೊಯ್ಯುವುದು, ಮತ್ತೆ ಮೇಲಿನಿಂದ. ತುಂಡು ತುಂಡೇ ತೆಗೆದ. ಇಪ್ಪತ್ತು ನಿಮಿಷ. ಮಗಳ ಅಂಗಡಿಗೆ ಫೋನು ಮಾಡಿದ್ದು ಯಾರು ಅಂತ ಈಗಲೂ ಗೊತ್ತಿಲ್ಲ.

ಉಸಿರು ಇರಲಿಲ್ಲ. ಗೇಟಿನ ಕೊಂಡಿ ಮಾತ್ರ ಸರಿಯಾಗಿ ಹಾಕಿತ್ತು.

ಜೂನ್ 8, ಭಾನುವಾರ
ಮಧ್ಯಾಹ್ನ 3. ನಿನ್ನೆ ಹದಿಮೂರನೆಯ ದಿನದ ಬೊಜ್ಜ ಮುಗಿಯಿತು. ನೆಂಟರು ಹೋದರು. ಜೆರೋಮ್ ಉಳಿದ ತುಂಡುಗಳನ್ನು ತೆಗೆಯಲು ಬಂದ. ನಮ್ಮ ಪಾಲೆ ಮರ ಎದೆಯೆತ್ತರದಲ್ಲಿ ಎರಡಾಗಿ ಕವಲೊಡೆದದ್ದು. ಬಿದ್ದದ್ದು ಗೇಟು ಬದಿಯದು. ಇನ್ನೊಂದು ಝುಬೈದಾಳ ಹೆಂಚಿನ ಮೇಲೆ ಬಾಗಿ ನಿಂತಿದೆ.

ನಿಂತ ಕವಲಿಗೆ ಉಗುರಿನಷ್ಟು ಗಾಯ ಮಾಡಿದ. ಕೂಡಲೇ ಬಿಳಿ ಹಾಲು ಇಳಿಯಿತು. ಬಿದ್ದದ್ದಕ್ಕೆ ಮಾಡಿದ. ಏನೂ ಬರಲಿಲ್ಲ. ಒಳಗಿಂದ ಹುಡಿ ಉದುರಿತು.
“ಹೇಮಕ್ಕ, ಇದು ಗಾಳಿಗೆ ಸತ್ತದ್ದಲ್ಲ. ಗಾಳಿಗೆ ಬಿದ್ದದ್ದು ಅಷ್ಟೆ. ಒಳಗೆ ಸಾಯಲು ಸುರುವಾಗಿ ವರ್ಷ ಆಗ್ತಾ ಬಂತು.”
ಮುರಿದ ಜಾಗ ತೋರಿಸಿದ.
“ಇದು ಆಟಿ ಕಷಾಯದ ಕೆತ್ತೆ ತೆಗೆದ ಜಾಗ ಅಲ್ವಾ? ಕಲ್ಲಲ್ಲಿ ಜಜ್ಜಿ ತೆಗೆದರೆ ಅಂಗೈಯಷ್ಟು ತೊಗಟೆ ಬರ್ತದೆ. ಮರ ಮತ್ತೆ ಮುಚ್ಚಿಕೊಳ್ತದೆ. ಇದು ನೋಡಿ, ಕತ್ತಿ. ಬಳೆ ತೊಡಿಸಿದ ಹಾಗೆ ಸುತ್ತ ಕೆತ್ತಿದ್ದಾರೆ. ನೀರು ಮೇಲೆ ಹೋಗುವುದು ಹೇಗೆ? ಯಾವನೋ ಕೆತ್ತೆ ಮಾರುವವ ಬಂದು ಕದ್ದಿದ್ದಾನೆ, ಬೇವರ್ಸಿ.”

ನನ್ನ ಕೈಯಲ್ಲಿ ಅವನ ಚಹಾ ಇತ್ತು. ಕೊಟ್ಟೆ. ಸಕ್ಕರೆ ಸಾಕಾ ಕೇಳಿದೆ.

ಜೂನ್ 10
ಕಳ್ಳ ಯಾರೂ ಅಲ್ಲ. ನಾನು.

ಆಟಿ ತಿಂಗಳ ಅಮಾವಾಸ್ಯೆಯ ದಿನ ಎಲ್ಲರೂ ಕುಡಿಯುವ ಕಷಾಯಕ್ಕೆ ಸೂರ್ಯ ಹುಟ್ಟುವ ಮೊದಲು ಪಾಲೆಯ ಕೆತ್ತೆ ತೆಗೆಯಬೇಕು. ಕಲ್ಲಿನಿಂದಲೇ. ಕಬ್ಬಿಣ ತಾಗಬಾರದು. ಅತ್ತೆ ಹೇಳಿಕೊಟ್ಟದ್ದು. ಈ ಓಣಿಯ ಹದಿನಾಲ್ಕು ಮನೆಗೆ ಕಷಾಯದ ಕೆತ್ತೆ ನಮ್ಮ ಮರದಿಂದ. ಇವರು ಹಿಂದಿನ ಸಂಜೆಯೇ ಮರಕ್ಕೆ ನನ್ನ ಬೀಡಿಯ ನೂಲು ಕಟ್ಟುತ್ತಿದ್ದರು. ಕಾಡಿನಲ್ಲಾದರೆ ಕತ್ತಲಲ್ಲಿ ಮರ ತಪ್ಪಿ ವಿಷದ ಕಾಸರಕ ಕೆತ್ತಿದರೆ ಕಷ್ಟ, ಅದಕ್ಕೆ ಗುರುತು. ನಮ್ಮ ಅಂಗಳದಲ್ಲಿ ಇರುವುದೇ ಒಂದು ಮರ. ಆದರೂ ಕಟ್ಟುತ್ತಿದ್ದರು.

ಅವರ ಕೈ ಮುರಿದ ವರ್ಷ ನಾನು ಹೋದೆ. ಜಜ್ಜಿದೆ. ದಿನವಿಡೀ ಬೀಡಿ ಕಟ್ಟುವ ಬೆರಳು… ಹದಿನಾಲ್ಕು ಮನೆಗೆ ಆಗಲಿಲ್ಲ. ಬೆಳಗಾಗುತ್ತಿತ್ತು. ಒಳಗೆ ಬಂದು ಸೆರಗಿನಲ್ಲಿ ಕತ್ತಿ ತಂದೆ. ತೆಗೆದ ಮೇಲೆ ಕೆತ್ತೆಯ ಅಂಚು ಕಲ್ಲಿನಿಂದ ಜಜ್ಜಿದೆ, ಯಾರಿಗೂ ಗೊತ್ತಾಗದ ಹಾಗೆ. ಮರುವರ್ಷ ಪಕ್ಕದಲ್ಲಿ. ಅದರ ಮುಂದಿನ ವರ್ಷ ಅದರ ಪಕ್ಕದಲ್ಲಿ. ಕಳೆದ ವರ್ಷ ಹಾಲು ಸರಿಯಾಗಿ ಬರಲಿಲ್ಲ ಅಂತ ಇನ್ನೂ ಆಳಕ್ಕೆ ಕೊಚ್ಚಿದೆ.

ಹೀಗೆ ಬಳೆಯಾಯಿತು. ಗೇಟಿಗೆ ಕಳಿಸಿದ್ದೂ ನಾನೇ.

ಜೂನ್ 27, ಶುಕ್ರವಾರ
ಸಂಜೆ 5. ಮಳೆ ಬಿಟ್ಟಿಲ್ಲ. ಎದುರಿನ ಮನೆಯ ಸರ್ವೋತ್ತಮ ಶೆಟ್ಟರು ಅರ್ಜಿ ಟೈಪ್ ಮಾಡಿಸಿಕೊಂಡು ಬಂದರು. ಉಳಿದ ಮರವೂ ಅಪಾಯಕಾರಿ, ಬುಡಸಹಿತ ಕಡಿಯಲು ಅನುಮತಿ ಬೇಕು ಅಂತ ಉಂಟು. ಜಾಗ ನಮ್ಮದು, ಸಹಿ ನಾನು ಹಾಕಬೇಕು.
“ಒಂದು ಜೀವ ತೆಗೆದ ಮರ ಹೇಮಾಕ್ಷಿ. ಇನ್ನು ನೋಡುವುದೆಂತದು?”
“ಜೆರೋಮ್ ಅದು ಗಟ್ಟಿ ಉಂಟು ಅಂತಾನೆ” ಅಂದೆ.
“ಅವ ಮರಕ್ಕೆ ಡಾಕ್ಟರಾ?”

ಅಕ್ಷಿತಾ ಒಳಗಿಂದ ಪೆನ್ನು ತಂದಿಟ್ಟಳು. “ಹಾಕಮ್ಮ. ಆ ಮರ ನೋಡಿಕೊಂಡು ಪಪ್ಪ ಬಿದ್ದ ಗೇಟಿನಲ್ಲಿ ದಿನಾ ಹೋಗಿ ಬರಲಿಕ್ಕೆ ನನ್ನಿಂದ ಆಗುವುದಿಲ್ಲ.”

ನಾಳೆ ಹಾಕುತ್ತೇನೆ ಅಂದೆ. ಝುಬೈದಾ ಏನೂ ಒತ್ತಾಯ ಮಾಡಲಿಲ್ಲ. ಆದರೆ ಗಾಳಿ ಬಂದಾಗೆಲ್ಲ ಚಾಪೆ ಮಡಚಿ ಮುಂದಿನ ಕೋಣೆಗೆ ಹೋಗುತ್ತಾಳಂತೆ. ಅವಳ ಹೆದರಿಕೆ ಸುಳ್ಳಲ್ಲ.

ಜುಲೈ 13, ಭಾನುವಾರ
ಬೆಳಿಗ್ಗೆ 11. ಅರ್ಜಿ ದೇವರ ಪಟದ ಹಿಂದೆ ಎರಡು ವಾರದಿಂದ ಇದೆ. ಇವತ್ತು ಅಕ್ಷಿತಾ ಅದನ್ನು ತೆಗೆದು ನನ್ನ ಮೊರದ ಮೇಲೆ ಇಟ್ಟಳು, ತಂಬಾಕಿನ ಮೇಲೆ.

ಹೇಳಿದೆ. ಎಲ್ಲ. ಕತ್ತಿ, ಸೆರಗು, ಅಂಚು ಜಜ್ಜಿದ್ದು.

ಅವಳು ಅಳಲಿಲ್ಲ. ಅರ್ಜಿಗೆ ಅಂಟಿದ ತಂಬಾಕು ಕೊಡವಿದಳು. ಆಮೇಲೆ ಹೇಳಿದಳು – “ಪಪ್ಪನಿಗೆ ಗೊತ್ತಿತ್ತು.”

ಮೊದಲ ವರ್ಷವೇ ನೋಡಿದ್ದರಂತೆ. ಕತ್ತಿಯ ಮೇಲೆ ಪಾಲೆಯ ಹಾಲು ಅಂಟಿ ಒಣಗಿತ್ತಂತೆ. ಎಡಗೈಯಲ್ಲಿ ಎಣ್ಣೆ ಹಾಕಿ ತಿಕ್ಕಿ ತೆಗೆದರಂತೆ. ಆ ದಿನ ಇವಳು ನೋಡಿದಾಗ, “ಅಮ್ಮನಿಗೆ ಹೇಳ್ಬೇಡ, ಪಾಪ, ಕೈ ನೋವಿಗೆ ಮಾಡಿದ್ದು” ಅಂದರಂತೆ. ನಾಲ್ಕು ವರ್ಷವೂ ಅವರೇ ತೊಳೆದರು. ನಾನು ಅಂದುಕೊಂಡೆ… ಮಸೆಯುವುದು ಅವರ ಹವ್ಯಾಸ ಅಂತ.

ಬೀಡಿ ಕೈಯಲ್ಲೇ ಇತ್ತು.

“ಹೇಳಿದ್ದರೆ ಜೆರೋಮ್ ಅಂಕಲ್ ಆ ಕವಲು ಮೊದಲೇ ತೆಗೀತಿದ್ರು. ಅಲ್ವಾ ಅಮ್ಮ?”
“ಹೌದು.”
“ಮೂವರಲ್ಲಿ ಒಬ್ಬರು ಹೇಳಿದ್ದರೆ ಸಾಕಿತ್ತು.”
“ಹೌದು.”

ಊಟ ಬಡಿಸಿದೆ. ಅವಳು ತಿನ್ನಲಿಲ್ಲ. ನಾನು ತಿಂದೆ. ಹೇಗೆ ತಿಂದೆನೋ.

ಜುಲೈ 16
ಮಗಳು ಮಾತಾಡುತ್ತಿಲ್ಲ. ಟಿಫಿನ್ ಒಯ್ಯುತ್ತಾಳೆ.

ಜುಲೈ 22, ಮಂಗಳವಾರ
ಸಂಜೆ 4. ಮಳೆ ಬಿಟ್ಟಿತು. ಜೆರೋಮ್ ಹಗ್ಗ ಕಟ್ಟಿ ಹತ್ತಿದ. ಅರ್ಜಿಗೆ ಸಹಿ ಬೀಳಲಿಲ್ಲ; ಮರ ಕಡಿಯಲಿಕ್ಕಲ್ಲ, ಗೆಲ್ಲು ಸವರಲಿಕ್ಕೆ ಅವನನ್ನು ಕರೆಯಲು ಹೋದದ್ದು ಅಕ್ಷಿತಾ. ನನಗೆ ಹೇಳದೆ, ಅಂಗಡಿಯಿಂದ ಬರುವಾಗ.

ಹತ್ತುವ ಮೊದಲೇ ಅವನಿಗೂ ನಿಜ ಹೇಳಿದೆ. ಹೆಲ್ಮೆಟ್ ತೆಗೆದು ತಲೆ ಕೆರೆದ. “ನಾನು ಕಳ್ಳನಿಗೆ ಬೈದದ್ದು ನಿಮಗೆ ತಾಗಿತಲ್ಲ ಹೇಮಕ್ಕ” ಅಂದ. ಹಗ್ಗ ಹೆಗಲಿಗೆ ಹಾಕಿದ.

ಝುಬೈದಾಳ ಹೆಂಚಿನ ಮೇಲೆ ಬಾಗಿದ ಎರಡು ಗೆಲ್ಲು ತೆಗೆದ. ಹಗ್ಗದಲ್ಲಿ ಇಳಿಸಿದ, ಒಂದು ಹೆಂಚೂ ಒಡೆಯಲಿಲ್ಲ. ಮುರಿದ ಜಾಗದ ಸೀಳನ್ನು ನೀರು ನಿಲ್ಲದ ಹಾಗೆ ಓರೆಯಾಗಿ ಕೊಯ್ದ. ಡಾಂಬರು ಬಳಿಯಬೇಕಾ ಕೇಳಿದೆ. “ಬೇಡ. ಗಾಳಿ ಆಡಲಿ. ಅದೇ ಮುಚ್ಚಿಕೊಳ್ತದೆ. ಐದು ವರ್ಷ ಒಬ್ಬರೂ ಮುಟ್ಟಬಾರದು. ಕಲ್ಲೂ ಬೇಡ, ಕತ್ತಿಯೂ ಬೇಡ.”

ಝುಬೈದಾ ಕೆಳಗೆ ನಿಂತು ನೋಡಿದಳು. “ಇದು ನನ್ನ ಮೇಲೆ ಬಿದ್ದರೆ ನಿನ್ನನ್ನು ಬಿಡುವುದಿಲ್ಲ ಮಾರಾಯಾ.”
“ಬಿದ್ದರೆ ಬಿಡುವುದು ಹಿಡಿಯುವುದು ಎಂತ ಇರ್ತದೆ ಝುಬೈದಕ್ಕ? ಬೀಳುವುದಿಲ್ಲ. ಈಗ ತಾನೇ ತುದಿಯಲ್ಲಿ ನಿಂತು ಕುಣಿದು ಬಂದದ್ದು ನಾನು.”
ಅವಳು ನಕ್ಕಳು. ಚಾಪೆ ಮತ್ತೆ ಹಿಂದಿನ ಕೋಣೆಗೆ ಹೋಯಿತು.

ಜುಲೈ 23, ಬುಧವಾರ
ಸಂಜೆ 6.15. ಸರ್ವೋತ್ತಮರ ಹೆಂಡತಿ ವಿನೋದಾ ಗೇಟಿನಿಂದಲೇ ಕೇಳಿದರು – “ಕಡಿಯಲಿಕ್ಕೆ ಮನಸ್ಸು ಬರಲಿಲ್ಲ ಅಂತಾಯ್ತು. ಹಾಗಾದರೆ ನಮಗೆ ಕೆತ್ತೆಯಾದರೂ ಉಂಟಾ?” ಹಿಂದೆ ಇನ್ನೂ ಮೂರು ಮನೆಯವರು.

ಜಗಲಿಯಿಂದ ಇಳಿದು ಹೋದೆ.
“ಇಲ್ಲ ವಿನೋದಕ್ಕ. ಇನ್ನು ಐದು ವರ್ಷ ಇಲ್ಲ. ನಾಲ್ಕು ವರ್ಷ ನಿಮಗೆಲ್ಲ ಕೊಟ್ಟದ್ದು ಕತ್ತಿಯಲ್ಲಿ ತೆಗೆದದ್ದು. ನಾನೇ ತೆಗೆದದ್ದು. ಆ ಕವಲು ಅದರಿಂದಲೇ ಸತ್ತದ್ದು.”

ವಿನೋದಕ್ಕ ಬಾಯಿಗೆ ಸೆರಗು ಹಿಡಿದರು. ಒಬ್ಬಳು “ನಾವು ಕುಡಿದದ್ದು ಕಬ್ಬಿಣ ತಾಗಿದ್ದಾ?” ಅಂದಳು. ಒಬ್ಬೊಬ್ಬರೇ ಹೋದರು. ನಾಳೆಯಿಂದ ಈ ಓಣಿ ನನ್ನನ್ನು ಹೇಗೆ ನೋಡುತ್ತದೋ.

ತಿರುಗಿದರೆ ಅಕ್ಷಿತಾ ಮರದ ಹತ್ತಿರ. ಕೈಯಲ್ಲಿ ನನ್ನ ಬೀಡಿಯ ನೂಲು. ನಿಂತ ಕವಲಿಗೆ ಸುತ್ತುತ್ತಿದ್ದಳು. ಕೆತ್ತುವ ಮರದ ಗುರುತಿಗೆ ಕಟ್ಟುವ ನೂಲು. ಈ ಸಲ ಮುಟ್ಟಬೇಡಿ ಅಂತ.
“ಗಂಟು ಬಿಗಿ ಆಯ್ತಾ ಅಮ್ಮ?”
ಹತ್ತು ದಿನದ ಮೇಲೆ ಅಮ್ಮ ಅಂದದ್ದು.
“ಸ್ವಲ್ಪ ಸಡಿಲ ಮಾಡು” ಅಂದೆ. “ಮರ ದಪ್ಪ ಆಗ್ತದೆ.”

ಕತ್ತಿ ನಾನೇ ತೊಳೆದೆ. ನಾಳೆ ಆಟಿ ಅಮಾವಾಸ್ಯೆ. ಸೂರ್ಯ ಹುಟ್ಟುವುದು ಆರು ಹದಿಮೂರಕ್ಕೆ. ಅದಕ್ಕಿಂತ ಮೊದಲು ಏಳುವ ಕೆಲಸ ಇಲ್ಲ.