ಕೈತವದ ಮೂರನೇ ಅರ್ಥ

ಮನೆಯಿಂದ, ಗುರುವಾರ ಸಂಜೆ, ತಾರೀಖು ಹದಿನಾಲ್ಕು

ಪ್ರೀತಿಯ ಅಪ್ಪಾ,

ಕಣ್ಣಿನ ಪಟ್ಟಿ ಬಿಚ್ಚಿದರೆಂದು ಅಕ್ಕ ಹೇಳಿದಳು. ಉರಿ ಕಡಿಮೆಯಾಯಿತೇ? ಔಷಧಿ ಮೂರು ಹೊತ್ತೂ ಬಿಟ್ಟುಕೊಳ್ಳಿ. ಬಿಟ್ಟುಕೊಂಡೆ ಎಂದು ಅವಳಿಗೆ ಸುಳ್ಳು ಹೇಳಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು.

ಫೋನಿನಲ್ಲಾದರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಈ ಕಾಗದ. ನೀವು ಮೂವತ್ತು ವರ್ಷ ಕೂತ ನಿಘಂಟು ಕಚೇರಿಯಲ್ಲಿ ಈಗ ನಿಮ್ಮ ಮಗಳು ಕೂತು ಹಲ್ಲು ಕಡಿಯುತ್ತಿದ್ದಾಳೆ. ಅಚ್ಚಿಗೆ ಹೋಗುವ ಮೊದಲು ‘ಕೈತವ’ ಪದದ ಚೀಟಿಗಳನ್ನು ತಾಳೆ ನೋಡುವ ಕೆಲಸ ನನಗೆ ಬಂತು. ಮೊದಲ ಅರ್ಥ ಮೋಸ, ಎರಡನೆಯದು ಜೂಜು. ಎರಡಕ್ಕೂ ಹಳೆಯ ಕಾವ್ಯಗಳ ಸಾಲುಗಳಿವೆ. ಮೂರನೆಯದು ‘ಪ್ರೀತಿಯಿಂದ ಮರೆಮಾಚುವುದು’. ಅದಕ್ಕಿರುವುದು ಒಂದೇ ಚೀಟಿ: ‘ನೋವಂ ಮರೆಸಿ ನಗುವಳ ಕೈತವಮಂ ಅರಿಯದಾದೆಂ.’ ಆಕರ ಯಾವುದೋ ಹಸ್ತಪ್ರತಿ. ನಾಲ್ಕು ದಿನ ಹುಡುಕಿದೆ. ಅಂಥ ಹಸ್ತಪ್ರತಿಯೇ ಇಲ್ಲ ಅಪ್ಪಾ! ಮೋಸದ ಪದಕ್ಕೇ ಮೋಸದ ಸಾಲು! ಯಾರೂ ಬರೆಯದ ಸಾಲಿಗೆ ನಿಘಂಟಿನಲ್ಲಿ ಜಾಗವಿಲ್ಲ ಎಂದು ಮೊದಲ ದಿನವೇ ಕಿವಿ ಹಿಂಡಿ ಹೇಳಿಕೊಟ್ಟವರು ನೀವು. ಆ ಹಳಗನ್ನಡವೂ ಅರೆಬರೆ. ಯಾವ ಮಹಾಶಯ ಹೊಸೆದನೋ, ಸಿಕ್ಕರೆ ನೀರಿಳಿಸುತ್ತೇನೆ. ನಾನೇ ಹೋಗಿ ಸಂಪಾದಕರಿಗೆ ತೋರಿಸಿದೆ.

ತೋರಿಸಿ ಕೆಟ್ಟೆ. ಚೀಟಿ ಇರುವುದು ನಮ್ಮ ನಕಲು ಮಾಮನ ಕೈಬರಹದಲ್ಲಿ. ಹುಳು ತಿಂದ ಹಳೆಯ ಚೀಟಿಗಳನ್ನು ಹೊಸ ಕಾರ್ಡಿಗೆ ಇಳಿಸುವುದೇ ಅವರ ಕೆಲಸವೆಂದು ಕಚೇರಿಯ ಗೋಡೆಗೂ ಗೊತ್ತು. ಆದರೂ ಸಂಪಾದಕರು ಎಲ್ಲರೆದುರು ಮಾಮನಿಗೆ, ‘ಕಟ್ಟುಕಥೆ ಬರೆಯೋಕೆ ಇಟ್ಕೊಂಡಿದ್ವಾ ನಿಮ್ಮನ್ನ?’ ಎಂದುಬಿಟ್ಟರು. ಇಪ್ಪತ್ತೈದನೇ ತಾರೀಖಿನ ಸಭೆಯಲ್ಲಿ ಅವರನ್ನು ಕೆಲಸದಿಂದ ತೆಗೆಯುತ್ತಾರಂತೆ. ನಿವೃತ್ತಿಗೆ ಇನ್ನು ಐದೇ ತಿಂಗಳು! ಮೂಲ ಚೀಟಿ ಯಾರದೆಂದು ಕೈಮುಗಿದು ಕೇಳಿದೆ. ಕನ್ನಡಕ ಒರೆಸುತ್ತಾ, ‘ಮರೆತುಹೋಯ್ತಮ್ಮ’ ಎಂದರು. ಹದಿನೈದು ವರ್ಷದ ಹಿಂದಿನ ಅಲ್ಪವಿರಾಮವನ್ನೂ ಮರೆಯದ ಮನುಷ್ಯ! ಯಾರನ್ನೋ ಬಚಾವು ಮಾಡುತ್ತಿದ್ದಾರೆ. ಆ ಯಾರೋ ಎಲ್ಲೋ ಹಾಯಾಗಿ ಕಾಲು ಚಾಚಿ ಕೂತಿದ್ದಾನೆ. ನನ್ನ ಹೊಟ್ಟೆ ಉರಿಯುತ್ತಿದೆ.

ಅಕ್ಕನನ್ನೂ ಭಾವನನ್ನೂ ಕೇಳಿದೆನೆಂದು ಹೇಳಿ. ಬಗ್ಗಿ ಏನನ್ನೂ ಎತ್ತಬೇಡಿ.

ನಿಮ್ಮ ಚಿಕ್ಕವಳು,
ಮೆಣಸಿನಕಾಯಿ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಆ ಸಾಲನ್ನು ಗಟ್ಟಿಯಾಗಿ ಓದಿದೆ. ‘ಏನಿಲ್ಲ, ಬರೀ ಗ್ಯಾಸು’ ಎನ್ನುತ್ತಾ ಹೊಟ್ಟೆ ಒತ್ತಿ ಹಿಡಿದು ನಗುತ್ತಿದ್ದ ಅಮ್ಮ ಎದುರಿಗೆ ಬಂದಳು. ಅವಳು ಹೋದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನೀವು, ‘ನಂಗೆ ಗೊತ್ತೇ ಆಗ್ಲಿಲ್ವಲ್ಲ’ ಎಂಬ ಒಂದೇ ಮಾತು ಆಡುತ್ತಿದ್ದಿರಿ. ಮೂಲ ಚೀಟಿಯ ತಾರೀಖನ್ನು ಮಾಮ ಕಾರ್ಡಿನ ಮೂಲೆಯಲ್ಲಿ ಇಳಿಸಿದ್ದಾರೆ. ಅದು ಅಮ್ಮ ಹೋದ ಮರುತಿಂಗಳದು. ಅಪ್ಪಾ, ಅಳು ಬರುತ್ತಿದೆ, ಆದರೆ ಸಿಟ್ಟು ಇಳಿದಿಲ್ಲ. ಸಭೆ ಮುಗಿದ ಮೇಲೆ ಆ ಚೀಟಿ ಕೇಳಿ ತಂದು ಅಮ್ಮನ ಫೋಟೋ ಹಿಂದೆ ಇಡುತ್ತೇನೆ. ನಿಘಂಟಿನಲ್ಲಿ ಅದಕ್ಕೆ ಜಾಗವಿಲ್ಲ. ಇಪ್ಪತ್ತೈದರೊಳಗೆ ಸಂಪಾದಕರಿಗೆ ನಿಮ್ಮ ಕೈಯಾರೆ ಎರಡು ಸಾಲು ಬರೆಯಿರಿ. ನೀವು ಬರೆಯದಿದ್ದರೆ ಸಭೆಯಲ್ಲಿ ನಾನೇ ಎದ್ದು ನಿಂತು ನಿಮ್ಮ ಹೆಸರು ಹೇಳುತ್ತೇನೆ.