ಚಿಟ್ಟೆಮನೆಯ ಎರಡು ಬಾಗಿಲು

ನಿನ್ನ ಮಗಳ ಅಡುಗೆಮನೆಯ ಮೇಜು,
ಬುಧವಾರ, ಹನ್ನೆರಡನೇ ತಾರೀಕು, ಬೆಳಗ್ಗೆ ಏಳು ಗಂಟೆ

ಪ್ರೀತಿಯ ಅಕ್ಕಾ,

ಚಿಟ್ಟೆಗಳ ಭಾಷೆ ಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ ಎಂದು ಇಲ್ಲಿನ ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಸಭೆ ಸೇರಿ ಒಪ್ಪಿಕೊಂಡಿದ್ದಾರೆ. ನಗಬೇಡ, ನಕ್ಕರೆ ಮಂಡಿಯ ಹೊಲಿಗೆ ಬಿಚ್ಚೀತು. ಹೇಗಿದೆ ಮಂಡಿ? ಡಾಕ್ಟರು ಹೇಳಿದಷ್ಟೇ ನಡೆ, ಭಾವನ ಮೇಲಿನ ಹಟಕ್ಕೆ ಮೆಟ್ಟಿಲು ಹತ್ತಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಕಿಟಕಿಗೆ ಹೋಗಿ ಬಂದೆ. ಟೀ ಆರಿ ಕೆನೆ ಕಟ್ಟಿದೆ.

ಭಾನುವಾರ ನಿನ್ನ ಮಗಳು ತಾನು ಕೆಲಸ ಮಾಡುವ ಚಿಟ್ಟೆಮನೆ ತೋರಿಸಲು ಕರೆದುಕೊಂಡು ಹೋದಳು. ದೊಡ್ಡ ಗಾಜಿನ ಮನೆ; ಒಳಗೆ ಕಾಲಿಟ್ಟರೆ ಬಿಸಿನೀರ ಹಂಡೆಗೆ ಮುಖವೊಡ್ಡಿದ ಹಾಗೆ ಕಾವು, ಕನ್ನಡಕವೆಲ್ಲ ಮಂಜು. ಒರೆಸಿಕೊಂಡು ನೋಡಿದರೆ ಅಂಗೈಯಗಲದ ನೀಲಿ ಚಿಟ್ಟೆಯೊಂದು ನನ್ನ ಮೂಗಿನ ಮೇಲೇ ಕೂತಿತ್ತು. ಕೊಂಬೆ ಅಂದುಕೊಂಡಿರಬೇಕು ಎನ್ನುತ್ತೀ, ಗೊತ್ತು. ಒಂದು ಕಪಾಟಿನಲ್ಲಿ ಇನ್ನೂ ಚಿಟ್ಟೆ ಹೊರಬರದ ಗೂಡುಗಳನ್ನು ಬಟ್ಟೆ ಒಣಹಾಕಿದಂತೆ ಸಾಲಾಗಿ ನೇತುಹಾಕಿದ್ದಾರೆ. ಒಂದೊಂದಕ್ಕೂ ಒಂದು ತೊಟ್ಟು ಅಂಟು ಹಚ್ಚಿ ಕಡ್ಡಿಗೆ ಅಂಟಿಸುವವಳು ನಿನ್ನ ಮಗಳೇ. ಸೂಜಿಗೆ ದಾರ ಪೋಣಿಸಲು ಬಾರದೆ ಅಳುತ್ತಿದ್ದವಳ ಕೈ ಅಕ್ಕಾ ಅದು! ಈ ತಿಂಗಳು ಅವಳ ಕೆಲಸ ಕಾಯಂ ಆಗಬೇಕು, ನಿನಗೆ ಗೊತ್ತೇ ಇದೆ.

ಆ ಮನೆಗೆ ಎರಡು ಬಾಗಿಲು, ನಡುವೆ ಮಂಚದಷ್ಟು ಜಾಗ. ಎರಡನ್ನೂ ಒಟ್ಟಿಗೆ ತೆರೆದರೆ ಚಿಟ್ಟೆಗಳು ಹೊರಗೆ ಹಾರಿ ಚಳಿಗೆ ಸಾಯುತ್ತವೆ. "ಮಾಮಾ, ಒಂದು ಮುಚ್ಚಿ, ಆಮೇಲೆ ಇನ್ನೊಂದು. ತಲೆಗೆ ಹೋಯ್ತಾ?" ಎಂದು ಮೂರು ಸಲ ಹೇಳಿದಳು. "ಹೋಗೇ, ಏಳನೇ ಕ್ಲಾಸಲ್ಲಿ ನಿಮ್ಮಮ್ಮನಿಗಿಂತ ಎರಡು ಮಾರ್ಕು ಜಾಸ್ತಿ ತಗೊಂಡೋನು ನಾನು" ಎಂದೆ. (ಎರಡು ಕಡಿಮೆ. ಈಗ ಅದನ್ನು ಎತ್ತಬೇಡ.) ಅವಳು ಚಿಟ್ಟೆಗಳಿಗೆ ಹಣ್ಣಿನ ತಟ್ಟೆ ಬದಲಿಸಲು ಹೋದಾಗ ನಾನೊಬ್ಬನೇ ಹೊರಟೆ. ಎದುರಿಗೆ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ, ಅವರ ಹಿಂದೆ ಒಂದು ಬಸ್ಸು ತುಂಬ ಜನ. "ಹಿಂದೆ ಬರೋರ ಮುಖಕ್ಕೆ ಬಾಗಿಲು ಹಾಕ್ಬೇಡ್ರೋ" ಎಂದು ಅಪ್ಪ ನಮಗೆ ಕಿವಿ ಹಿಂಡಿ ಕಲಿಸಿದ್ದಲ್ಲವೇ? ಒಂದು ಬಾಗಿಲಿಗೆ ಬೆನ್ನು, ಇನ್ನೊಂದಕ್ಕೆ ಕಾಲು ಕೊಟ್ಟು ಅರಮನೆಯ ದ್ವಾರಪಾಲಕನಂತೆ ನಿಂತೆ. ಪ್ರತಿಯೊಬ್ಬರೂ ಥ್ಯಾಂಕ್ಸ್ ಹೇಳಿದರು. ಅಜ್ಜಿಯಂತೂ ಕೈ ಹಿಡಿದುಕೊಂಡರು.

ನಿನ್ನ ಮಗಳು ಓಡಿ ಬಂದಳು. "ಅಯ್ಯೋ ಮಾಮಾ! ಎಷ್ಟು ಹೋದ್ವು?" "ಏ, ಐದಾರು ಇರ್ಬೋದು, ಬಿಡೇ" ಎಂದೆ. ಅವಳು ಆರು ಎಂದು ಬರೆದುಕೊಂಡು, ಬಾಗಿಲ ಹತ್ತಿರ ತಾನೇ ಇರಬೇಕಿತ್ತು ಎಂದು ಮೇಲ್ವಿಚಾರಕಿಗೆ ಹೇಳಿದಳು. ನನ್ನ ಹೆಸರೆತ್ತಲಿಲ್ಲ. ಆ ಹೆಂಗಸು "ಆರು ತಾನೆ, ಇರಲಿ. ಶುಕ್ರವಾರ ಹೇಗೂ ಎಲ್ಲಾ ಎಣಿಸ್ತೀವಲ್ಲ" ಎಂದಳು.

ಅಂದಿನಿಂದ ನಾನು ಪ್ರವಾಸಿ. ಚಿಟ್ಟೆಮನೆಯ ಪಕ್ಕದ ಜರೀಗಿಡದ ತೋಟ ಆರು ಸಲ ಸುತ್ತಿದೆ. ಆಮೆಕೊಳದ ಅಂಚಿನ ಜೊಂಡನ್ನೆಲ್ಲ ಕೈಯಿಂದ ಸರಿಸಿ ನೋಡಿದೆ. ಆಮೆಗಳಿಗೂ ನನ್ನ ಗುರುತು ಹತ್ತಿದೆ. ಹಕ್ಕಿ ನೋಡುವ ಗೋಪುರ ಹತ್ತಿ ಎಲ್ಲರೂ ಮೇಲೆ ನೋಡುತ್ತಿದ್ದರೆ ನಾನೊಬ್ಬ ಕೆಳಗೆ ಪೊದೆ ನೋಡುತ್ತಿದ್ದೆ. "ಏನ್ ಕಳ್ಕೊಂಡ್ರಿ ಯಜಮಾನ್ರೇ?" ಎಂದು ಕಾವಲುಗಾರ ಕೇಳಿದ. ಕರವಸ್ತ್ರ ಎಂದೆ. ನಿನ್ನೆ ಸಂಜೆ ಜರೀತೋಟದ ಗೋಡೆಯಲ್ಲಿ ಒಂದು ಚಿಟ್ಟೆ ಸಿಕ್ಕಿತು, ಮರಗಟ್ಟಿ ಹೋಗಿತ್ತು. ಟೋಪಿಯೊಳಗಿಟ್ಟು ಉಸಿರು ಊದುತ್ತಾ ತಂದೆ. ನಿನ್ನ ಮಗಳಿಗೆ ಕಾಣದಂತೆ ನನ್ನ ಕೋಣೆಯಲ್ಲಿಟ್ಟಿದ್ದೆ. ಅವಳು ಕೆಲಸಕ್ಕೆ ಹೊರಟ ಮೇಲೆ ಇಲ್ಲಿಗೆ ತಂದೆ. ಈಗ ಟೀ ಸೋಸುವ ಜರಡಿಯ ಕೆಳಗೆ, ಸಕ್ಕರೆ ನೀರಿನ ಪಕ್ಕದಲ್ಲಿದೆ. ಆಗೊಮ್ಮೆ ಈಗೊಮ್ಮೆ ರೆಕ್ಕೆ ಬಿಚ್ಚುತ್ತದೆ. ಮತ್ತೆ ಮುಚ್ಚುತ್ತದೆ.

ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಂಡಿ ಬೇಗ ಗಟ್ಟಿಯಾಗಲಿ, ನನ್ನನ್ನು ಅಟ್ಟಿಸಿಕೊಂಡು ಬಂದು ಹೊಡೆಯುವಷ್ಟು.

ಇಂತಿ ನಿನ್ನ ತಮ್ಮ,
ಚಿಟ್ಟೆಗಳ ದುಭಾಷಿ

ಮರೆತಿದ್ದೆ: ಐದಾರು ಎಂದದ್ದು ಸುಳ್ಳು. ಬಾಗಿಲು ಹಿಡಿದು ನಿಂತಾಗ ನಾನೇ ಎಣಿಸುತ್ತಿದ್ದೆ. ಹತ್ತು ಹಾರುವವರೆಗೆ, ಹೀಗೆ ಹೊರಗೆ ಬಿಡುವುದೂ ಇಲ್ಲಿನ ಒಂದು ಏರ್ಪಾಡಿರಬೇಕು ಅಂದುಕೊಂಡೆ. ಆಮೇಲೆ ನಿನ್ನ ಮಗಳು ಹೇಳಿದ್ದು ತಲೆಗೆ ಹೋಯಿತು, ಆದರೆ ಅಷ್ಟು ಜನ ಥ್ಯಾಂಕ್ಸ್ ಹೇಳುತ್ತಿರುವಾಗ ಕಾಲು ತೆಗೆಯಲು ಮನಸ್ಸಾಗಲಿಲ್ಲ. ಶುಕ್ರವಾರ ಎಣಿಸಿದರೆ ಸುಳ್ಳಿ ಎನಿಸಿಕೊಳ್ಳುವವಳು ನಿನ್ನ ಮಗಳು. ಒಂಬತ್ತಕ್ಕೆ ಗೇಟು ತೆರೆಯುತ್ತದೆ. ಹೋಗಿ ಆ ಮೇಲ್ವಿಚಾರಕಿಗೆ ನಾನೇ ಹೇಳುತ್ತೇನೆ. ದಾರಿಯಲ್ಲಿ ಅಂಚೆಪೆಟ್ಟಿಗೆ ಇದೆ, ಮೊದಲು ಇದನ್ನು ಹಾಕುತ್ತೇನೆ. ನಿನಗೆ ಹೇಳಿಬಿಟ್ಟ ಮೇಲೆ ನಾನು ತಪ್ಪಿಸಿಕೊಂಡದ್ದುಂಟೇ? ನಲವತ್ತೊಂದು, ಅಕ್ಕಾ. ಜರಡಿಯ ಕೆಳಗಿನದನ್ನು ಕಳೆದರೆ ನಲವತ್ತು.