ಕೈ ಹಾಕದೆ ಕೈ ತೊಳೆದವರಿಗೆ

ಮಾನ್ಯ ಪಶುವೈದ್ಯಾಧಿಕಾರಿಗಳೇ,

ನಮ್ಮ ಹಸು ಚೆಲುವಿ ಗಬ್ಬವಾಗಿದೆಯೋ ಇಲ್ಲವೋ ನೋಡಿ ಹೇಳಿ ಎಂದು ನಿಮ್ಮನ್ನು ಮನೆಗೆ ಕರೆದಿದ್ದೆವು. ನೀವು ನೋಡಲಿಲ್ಲ, ಆದರೆ ಹೇಳಿದಿರಿ. ಖಾಲಿ ಎಂದಿರಿ. ಆ ಮಾತು ನಂಬಿ ನಾವು ಅದನ್ನು ಮೆಟ್ಟಿಲು ಹತ್ತಿಸಿದೆವು, ಅದು ಜಾರಿ ಬಿದ್ದು, ದಿನ ತುಂಬುವ ಮೊದಲೇ ಕಂದು ಹಾಕಿತು. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಗೆ ಬರೆದರೆ ನೀವೇ ಓದಿ ನೀವೇ ವಿಲೇವಾರಿ ಮಾಡುತ್ತೀರಿ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಜ್ಞಾನಭಾರತಿಯ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡವಳು. ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳನ್ನು ಟೈಪ್ ಮಾಡಿ ಮಾಡಿ ನನ್ನ ಕನ್ನಡ ಸ್ವಲ್ಪ ಗಂಜಿ ಹಾಕಿದ ಬಟ್ಟೆಯಂತಾಗಿದೆ, ಸಹಿಸಿಕೊಳ್ಳಿ. 'ಕ್ಷೇತ್ರಕಾರ್ಯ' ಎಂಬ ಅಧ್ಯಾಯವನ್ನು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತೇ ಮುಗಿಸಿ ಡಾಕ್ಟರಾದ ಮಹನೀಯರನ್ನು ಕಂಡಿದ್ದೇನೆ. ಆದರೆ ಅವರ ಅಧ್ಯಾಯದಿಂದ ಯಾವ ಜೀವವೂ ಹೋಗಿಲ್ಲ. ಆ ಮಟ್ಟಿಗೆ ಅವರು ನಿಮಗಿಂತ ಸಜ್ಜನರು.

ಹೇರೋಹಳ್ಳಿಯ ಹಳೇ ಊರಿನಲ್ಲಿ ನಮ್ಮ ಮನೆ. ಹೊಲ ಸೈಟಾಯಿತು, ಸೈಟು ಬಾಡಿಗೆ ಮನೆಯಾಯಿತು, ಕೊಟ್ಟಿಗೆಯಲ್ಲಿ ಚೆಲುವಿ ಒಂದೇ ಉಳಿಯಿತು. ನನ್ನ ಅತ್ತೆ ವೆಂಕಟಲಕ್ಷ್ಮಮ್ಮ ಮದುವೆಯಾಗಿ ಬಂದಾಗ ತವರಿನಿಂದ ಹೊಡೆದುಕೊಂಡು ಬಂದ ಹಸುವಿನ ಸಂತಾನ ಅದು. ವಯಸ್ಸಾಗುತ್ತಿದೆ, ಹಾಕಿದ್ದೆಲ್ಲ ಹೋರಿಗರು. ಈ ಸಲ ಹೆಣ್ಣುಗರು ಹಾಕಿದರೆ ಕೊಟ್ಟಿಗೆ ಉಳಿಯುತ್ತದೆ ಎಂದು ಅತ್ತೆ ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದರು. ಚೆಲುವಿ ಬಲು ಸಾಧು. ಸುತ್ತಲಿನ ಬಡಾವಣೆಗಳಲ್ಲಿ ಗೃಹಪ್ರವೇಶವಾದರೆ ಹೊಸ ಮನೆಯೊಳಗೆ ಮೊದಲು ಕಾಲಿಡುವುದಕ್ಕೆ ಅದನ್ನೇ ಕೇಳುತ್ತಾರೆ. ಗೂಡ್ಸ್ ಆಟೋ ಓಡಿಸುವ ನನ್ನ ಗಂಡ ಮಹದೇವ್ ಅದನ್ನು ಕರೆದೊಯ್ಯುತ್ತಾರೆ. ಆದರೆ ನಮ್ಮಲ್ಲಿ ಒಂದು ಕಟ್ಟುನಿಟ್ಟಿದೆ. ಗಬ್ಬದ ಹಸುವನ್ನು ಯಾರ ಮನೆಯ ಮೆಟ್ಟಿಲೂ ಹತ್ತಿಸುವುದಿಲ್ಲ, ಕರೆದವರು ಎಷ್ಟೇ ದೊಡ್ಡವರಾಗಿರಲಿ.

ಗಬ್ಬ ಕಟ್ಟಲೆಂದು ಇಂಜೆಕ್ಷನ್ ಹಾಕಿಸಿ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಮತ್ತೆ ಬೆದೆಗೆ ಬಂದಿರಲಿಲ್ಲ. ಹಾಗೆಂದು ಗಬ್ಬ ಎಂದು ಎದೆ ತಟ್ಟಿ ಹೇಳುವ ಹಾಗೂ ಇರಲಿಲ್ಲ. ಬೆದೆಗೆ ಬಾರದ್ದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಹಿಂದೊಮ್ಮೆ ಅದನ್ನೇ ನಂಬಿ ನಾವು ಮೋಸ ಹೋಗಿದ್ದೆವು. ಹೊರಗಿನಿಂದ ನೋಡಿದರೆ ಆ ತಿಂಗಳಲ್ಲಿ ಹೊಟ್ಟೆ ಏನನ್ನೂ ಹೇಳುವುದಿಲ್ಲ. ಒಳಗೆ ಕೈ ಹಾಕಿ ಗರ್ಭಕೋಶ ಮುಟ್ಟಿ ನೋಡಬೇಕು. ಅದನ್ನು ಕಲಿಯಲಿ ಎಂದೇ ಸರ್ಕಾರ ನಿಮ್ಮನ್ನು ಓದಿಸಿದ್ದಲ್ಲವೇ?

ನೀವು ಬಂದಿರಿ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಂಕುಳಲ್ಲಿ ಆಮಂತ್ರಣ ಪತ್ರಿಕೆಗಳ ಕಟ್ಟು. ಚೆಲುವಿಯನ್ನು ಒಂದು ಸುತ್ತು ಹಾಕಿ, ಬೆನ್ನಿನ ಮೇಲೆ ಎರಡು ಏಟು ತಟ್ಟಿ, "ಏನಿಲ್ಲಮ್ಮ, ಖಾಲಿ" ಎಂದಿರಿ.

"ಕೈ ಹಾಕಿ ನೋಡಲ್ವಾ ಸಾರ್?" ಎಂದೆ.

"ಎಷ್ಟ್ ವರ್ಷದ ಸರ್ವೀಸಮ್ಮ ನಂದು? ಕಣ್ಣಲ್ಲೇ ಸ್ಕ್ಯಾನಿಂಗ್ ಆಗೋಗುತ್ತೆ."

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಿಸಿನೀರು, ಹೊಸ ಸೋಪು, ಮಡಿಸಿಟ್ಟ ಟವೆಲ್ ಹಿಡಿದುಕೊಂಡು ಬಂದರು. ಹಸು ಕಟ್ಟಿದ ಮನೆಗಳಲ್ಲಿ ಇದು ಹಿಂದಿನಿಂದ ಬಂದ ಮರ್ಯಾದೆ. ಕೈ ಹಾಕಿ ನೋಡಿದ ಡಾಕ್ಟರಿಗೆ ಮನೆಯ ಹಿರಿಯರೇ ನೀರು ಹುಯ್ಯಬೇಕು. ನೀವು ತೊಳೆಯುವಂಥದ್ದು ಏನನ್ನೂ ಮಾಡಿರಲಿಲ್ಲ. ಆದರೂ ಕೈ ಒಡ್ಡಿದಿರಿ. ನಮ್ಮ ಅತ್ತೆ ಬಗ್ಗಿ ನೀರು ಹುಯ್ದರು, ನೀವು ಮೊಣಕೈವರೆಗೂ ನೊರೆ ಬರಿಸಿ ತೊಳೆದಿರಿ. ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡು, ಪತ್ರಿಕೆ ಕೊಟ್ಟು, "ಶುಕ್ರವಾರ ನಾಗರಬಾವೀಲಿ ನಮ್ಮನೆ ಗೃಹಪ್ರವೇಶ. ಹೇಗೂ ಖಾಲಿ ಇದೆಯಲ್ಲಮ್ಮ, ನಿಮ್ ಹಸೂನೇ ಕಳ್ಸಿಕೊಡಿ" ಎಂದಿರಿ.

ಈಗ ಹೇಳಿ. ಅಂಗಿ ಕೊಳೆಯಾದೀತೆಂದು ಸೋಮಾರಿತನದಿಂದ ಖಾಲಿ ಎಂದಿರಾ, ಅಥವಾ ನಿಮ್ಮ ಮನೆಗೆ ಹಸು ಬೇಕಿತ್ತೆಂದು ಗೊತ್ತಿದ್ದೇ ಖಾಲಿ ಎಂದಿರಾ? ಮೊದಲನೆಯದಾದರೆ ನೀವು ಸಂಬಳ ತೆಗೆದುಕೊಳ್ಳುವ ಕೆಲಸಕ್ಕೆ ನಾಲಾಯಕ್ಕು. ಎರಡನೆಯದಾದರೆ ನಿಮ್ಮನ್ನು ಕರೆಯಲು ತಕ್ಕ ಪದ ಯಾವ ಪ್ರಬಂಧದಲ್ಲೂ ನನಗೆ ಸಿಕ್ಕಿಲ್ಲ, ಸಂತೆಯಲ್ಲಿ ಕೇಳಿದ ಕೆಲವು ಗೊತ್ತು. ನಿಮ್ಮ ಸ್ಥಾನದ ಮೇಲಿನ ಗೌರವದಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ನಿಮಗೇ ಬಿಟ್ಟಿದ್ದೇನೆ.

ನಿಮ್ಮ ಮನೆ ಚೆನ್ನಾಗಿದೆ. ಕೆಳಗೆ ಅಂಗಡಿ, ನಡುವೆ ಬಾಡಿಗೆ ಹುಡುಗರು, ಮೇಲೆ ನೀವು. ಮೆಟ್ಟಿಲಿಗೆ ಕನ್ನಡಿಯಂಥ ಗ್ರಾನೈಟ್. ಮಹದೇವ್ ತಂದಿದ್ದ ಗೋಣಿಚೀಲಗಳನ್ನು ಮೆಟ್ಟಿಲಿಗೆ ಹಾಸಲು ಹೋದಾಗ ತಡೆದವರು ನೀವೇ. "ಫೋಟೋಲಿ ಅಸಹ್ಯವಾಗಿ ಕಾಣುತ್ತೆ ಮಾರಾಯ, ತೆಗಿ ಅದನ್ನ" ಎಂದಿರಿ. "ಜಾರುತ್ತೆ ಸಾರ್" ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದೇನೆ, ನಿಮ್ಮ ಫೋಟೋಗ್ರಾಫರನೂ ಕೇಳಿದ್ದಾನೆ. ತಿರುವಿನಲ್ಲಿ ಚೆಲುವಿಯ ಹಿಂಗಾಲು ಜಾರಿತು. ಹೊಟ್ಟೆ ಮೆಟ್ಟಿಲಿನ ಅಂಚಿಗೆ ಬಡಿಯಿತು. ಆ ಸದ್ದಿಗೆ ವಾಲಗದವರೂ ಒಂದು ಗಳಿಗೆ ನಿಲ್ಲಿಸಿದರು. ನೀವು ಮಾತ್ರ ಮುಹೂರ್ತ ಮೀರುತ್ತದೆ, ಎಬ್ಬಿಸಿ ಎಂದಿರಿ. ಎದ್ದಿತು. ಹೇಳಿದೆನಲ್ಲ, ಸಾಧು ಪ್ರಾಣಿ. ನಡುಗುತ್ತಲೇ ಮೇಲೆ ಹತ್ತಿ, ನಿಮ್ಮ ಹಾಲ್‌ನಲ್ಲಿ ಸಗಣಿ ಹಾಕಿತು. ಶುಭ, ಶುಭ ಎಂದು ನಿಮ್ಮ ನೆಂಟರು ಚಪ್ಪಾಳೆ ತಟ್ಟಿದರು.

ಮಾರನೆಯ ಬೆಳಿಗ್ಗೆ ನಮ್ಮ ಕೊಟ್ಟಿಗೆಯಲ್ಲಿ ಅದು ಕಂದು ಹಾಕಿತು. ಬೆಕ್ಕಿನಷ್ಟು ಗಾತ್ರದ ಕರು. ಮೈಮೇಲೆ ಕೂದಲಿಲ್ಲ, ಆದರೆ ಗೊರಸು ಮೂಡಿತ್ತು. ಹೆಣ್ಣು. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಬಾಲ, ಕಿವಿ, ಗೊರಸು ಎಂದು ಒಂದೊಂದನ್ನೇ ಸವರುತ್ತ ಕೂತಿದ್ದರು. ನಾನು ನಿಮ್ಮ ಆಸ್ಪತ್ರೆಗೆ ಓಡಿದೆ. ವಿಷಯ ಕೇಳಿ ನೀವು ಕುರ್ಚಿಗೆ ಒರಗಿ, ಉಸಿರು ಬಿಟ್ಟು ಹೇಳಿದ ಮಾತನ್ನು ಇಲ್ಲಿ ಹಾಗೇ ಕೊಡುತ್ತಿದ್ದೇನೆ: "ಸದ್ಯ, ನಮ್ಮನೇಲಿ ಆಗ್ಲಿಲ್ಲ."

ಆ ಕ್ಷಣ ನನಗೆ ನಿಮ್ಮ ಮೇಲೆ ಅಸಹ್ಯವಾಯಿತು. ಇನ್ನೂ ಹೋಗಿಲ್ಲ.

ಚೆಲುವಿಗೆ ಮಾಸು ಸರಿಯಾಗಿ ಬೀಳಲಿಲ್ಲ, ಜ್ವರ ಹಿಡಿಯಿತು. ಬೇರೆ ಕಡೆಯಿಂದ ಕರೆಸಿದ ವೈದ್ಯರು ಕೈ ಹಾಕಿ ನೋಡಿ, ಗರ್ಭಕೋಶ ಕೆಟ್ಟಿದೆ, ಇನ್ನು ಗಬ್ಬ ನಿಲ್ಲುವುದು ಕಷ್ಟ ಎಂದರು. ಅಂತೂ ನಿಮ್ಮ ರೋಗನಿರ್ಣಯ ನಿಜವಾಯಿತು. ಅಭಿನಂದನೆಗಳು.

ಆದರೆ ಹೋದದ್ದು ಕರು ಮಾತ್ರವಾಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಅಂದಿನಿಂದ ಅತ್ತೆ ಮಗನೊಡನೆ ಮಾತು ಬಿಟ್ಟಿದ್ದಾರೆ. "ಹಗ್ಗ ಹಿಡ್ದಿದ್ದು ಅವ್ನಲ್ವಾ? ಕೈಯಾರೆ ಕೊಂದ" ಎನ್ನುತ್ತಾರೆ. ಮಹದೇವ್, ನಾನು ಬಡಿಸಿದ ತಟ್ಟೆಯ ಮುಂದೆ ಕೂತು ಎದ್ದುಹೋಗುತ್ತಾರೆ, ಆಟೋದಲ್ಲೇ ಬನ್ನು ತಿಂದು ಮಲಗುತ್ತಾರೆ. ಒಂದೇ ಸೂರಿನ ಕೆಳಗೆ ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಡಾಕ್ಟರು ಹಸುವನ್ನು ನೋಡಲೇ ಇಲ್ಲ, ತಪ್ಪು ಅವರದು ಎಂದು ನಾನು ಎಷ್ಟು ಹೇಳಿದರೂ ಅತ್ತೆ ಒಪ್ಪುವುದಿಲ್ಲ.

"ನೀರು ಹುಯ್ದಿದ್ದು ನಾನು ಕಣೇ. ಕೈ ಹಾಕ್ದೆ ಯಾರಾದ್ರೂ ಮೊಣಕೈವರ್ಗೂ ತೊಳೀತಾರಾ? ಪಾಪ, ಅವ್ರ ಕೈಗೆ ಸಿಕ್ಕಿಲ್ಲ ಅಷ್ಟೇ. ದೊಡ್ಡೋರ ಮೇಲೆ ಸುಳ್ಳು ಹೇಳ್ಬೇಡ."

ಕೇಳಿದಿರಾ? ನಿಮ್ಮ ಪರ ವಾದಿಸಲು ಲೋಕದಲ್ಲಿ ಒಬ್ಬರಾದರೂ ಇದ್ದಾರೆ, ಅದು ನೀವು ಹಾಳು ಮಾಡಿದ ಮುದುಕಿ. ನಂಬಿಕೆಯನ್ನು ಕದ್ದವರನ್ನು ಹಿಡಿಯಲು ಯಾವ ಠಾಣೆಯೂ ಇಲ್ಲ, ಅದು ನಿಮಗೆ ಚೆನ್ನಾಗಿ ಗೊತ್ತು.

ನನಗೆ ಪರಿಹಾರ ಬೇಡ, ತನಿಖೆ ಬೇಡ. ಇನ್ನೊಮ್ಮೆ ಪುಕ್ಕಟೆ ಇಂಜೆಕ್ಷನ್ ಹಾಕಿಕೊಡುತ್ತೇನೆ ಎಂದು ಕಾಂಪೌಂಡರ್ ಕೈಲಿ ಹೇಳಿಕಳಿಸಿದ್ದೀರಂತೆ, ಆ ಔದಾರ್ಯವೂ ಬೇಡ. ಭಾನುವಾರದೊಳಗೆ ನಮ್ಮ ಮನೆಗೆ ಬನ್ನಿ. ವೆಂಕಟಲಕ್ಷ್ಮಮ್ಮನವರ ಮುಂದೆ, ಅವರ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎರಡೇ ಮಾತು ಹೇಳಿ: ನಾನು ಕೈ ಹಾಕಿ ನೋಡಲಿಲ್ಲ, ಗೋಣಿಚೀಲ ತೆಗೆಸಿದವನೂ ನಾನೇ. ಅವರು ನಿಮ್ಮನ್ನು ಬೈಯುವುದಿಲ್ಲ, ಹೆದರಬೇಡಿ. ಬೈಯಲು ನಾನಿದ್ದೇನೆ.

ಬರದಿದ್ದರೆ ನಾವೇ ಬರುತ್ತೇವೆ. ಅತ್ತೆ, ಮಹದೇವ್, ನಾನು, ಚೆಲುವಿ. ನಿಮ್ಮ ಮನೆಯ ಕೆಳಗೆ ರಸ್ತೆಯಲ್ಲಿ ನಿಂತು, ಬೀದಿಗೆಲ್ಲ ಕೇಳಿಸುವ ಹಾಗೆ ಕರೆಯುತ್ತೇವೆ. ಹಸು ಮೇಲೆ ಹತ್ತುವುದಿಲ್ಲ. ಇಳಿದು ನೀವೇ ಬರಬೇಕು.

ಇಂತಿ,
ನಿಮ್ಮ ಮನೆಯ ಒಬ್ಬಟ್ಟು ತಿಂದ ತಪ್ಪಿಗೆ ಇಷ್ಟು ಮರ್ಯಾದೆಯಿಂದ ಬರೆದಿರುವ
ಶೋಭಾರಾಣಿ
ಹೇರೋಹಳ್ಳಿ